ಹುಣಸೆಹುಳಿ ಬಿದ್ದ ಕಲ್ಲು

ನಮ್ಮ ಅತ್ತೆಯ ಹೆಸರು ಚಿಕ್ಕಮ್ಮ. ಮದುವೆಯಾಗಿ ಬಂದ ಹೊಸತರಲ್ಲಿ ಹಾರನಹಳ್ಳಿಯ ಹಿರಿಯರು ಕಿರಿಯರೆಲ್ಲ ಅವರನ್ನು ಹಾಗೇ ಕೂಗುವುದನ್ನು ಕೇಳಿ, ಅಬ್ಬಾ, ಈ ಹೆಂಗಸಿಗೆ ಎಷ್ಟು ಜನ ಅಕ್ಕಂದಿರು, ಆ ಅಕ್ಕಂದಿರಿಗೆ ಎಷ್ಟು ಜನ ಮಕ್ಕಳು ಎಂದು ಬೆರಗಾಗಿದ್ದೆ. ಅದು ಸಂಬಂಧವಲ್ಲ, ಹೆಸರು ಎಂದು ತಿಳಿದದ್ದು ರೇಷನ್ ಕಾರ್ಡು ನೋಡಿದ ಮೇಲೆ. ಸಮಾಜ ವಿಜ್ಞಾನದ ಟೀಚರ್ ಆಗಿ ನನ್ನ ಮೊದಲ ಪೆದ್ದುತನ ಅದು. ಎರಡನೆಯದನ್ನು ಈಗ ಹೇಳುತ್ತೇನೆ. ಅದರಲ್ಲಿ ನಗುವಂಥದ್ದು ಕಡಿಮೆ.

ಅತ್ತೆಗೆ ಈಗ ಅರವತ್ತೊಂಬತ್ತು. ಐದಡಿಗೆ ಎರಡು ಬೆರಳು ಕಡಿಮೆ. ಧ್ವನಿ ಮಾತ್ರ ಅಡುಗೆಮನೆಯಲ್ಲಿ ನಿಂತು ಕೂಗಿದರೆ ಹೊಲದಲ್ಲಿ ಹೊಗೆಸೊಪ್ಪನ್ನು ಬೆಂಕಿಯ ಕಾವಿಗೆ ಒಣಗಿಸುವ ಬ್ಯಾರನ್ ತನಕ ಹೋಗುತ್ತದೆ. ಹುಟ್ಟಿದ್ದು ಕಾಡಂಚಿನ ಅಂತರಸಂತೆಯಲ್ಲಿ. ಒಂಬತ್ತು ವರ್ಷದವರಿದ್ದಾಗ ಅವರ ಅಪ್ಪ ಮಂಚಯ್ಯ, ತಮ್ಮ ಜ್ವರ ವಾಸಿ ಮಾಡಿದ ಡಾಕ್ಟರಿಗೆ ಕೊಡಲು ಒಂದು ಸೀಸೆ ಜೇನುತುಪ್ಪ ಹಿಡಿದುಕೊಂಡು, ಮಗಳನ್ನೂ ಕರೆದುಕೊಂಡು ಎಚ್.ಡಿ. ಕೋಟೆಗೆ ಹೋಗಿದ್ದರಂತೆ. ಡಾಕ್ಟರ ಮನೆಯ ನಡುಮನೆಗೆ ಬಿಳಿ ಕಲ್ಲು. ಸಗಣಿ ಸಾರಿಸಿದ ನೆಲದ ಮೇಲೆ ಬೆಳೆದ ಹುಡುಗಿ ಅದನ್ನು ನೋಡಿ, ಹಾಲು ಚೆಲ್ಲಿ ಗಟ್ಟಿಯಾಗಿದೆ ಎಂದುಕೊಂಡಳಂತೆ. ಒಳಗೆ ಕಾಲಿಡಲು ಹೋದಾಗ ಡಾಕ್ಟರ ಹೆಂಡತಿ, "ಅಲ್ಲೇ ನಿಲ್ಲು ಮಗು, ಕಲ್ಲು ಕೊಳೆಯಾಗುತ್ತೆ" ಎಂದರು.

ಈ ಕಥೆಯನ್ನು ಅತ್ತೆ ನೂರು ಸಲ ಹೇಳಿದ್ದಾರೆ. ಒಂದು ಸಲವೂ ಆ ಹೆಂಗಸನ್ನು ಬಯ್ದಿಲ್ಲ. "ಅವ್ರ ಕಲ್ಲು, ಅವ್ರ ಇಷ್ಟ ಬುಡು. ನಾನೂ ಒಂದಿನ ಆಕುಸ್ತೀನಿ, ಯಾರ್ ಬೇಕಾರೂ ಬಂದ್ ತುಳೀಲಿ ಅಂದ್ಕಂಡೆ" ಎಂದು ಮುಗಿಸುತ್ತಾರೆ.

ಹಾಕಿಸಿಯೂ ಹಾಕಿಸಿದರು. ಹದಿನೆಂಟು ವರ್ಷದ ಹಿಂದೆ, ಮಗನ ಮದುವೆಗೆಂದು ಮನೆ ಕಟ್ಟುವಾಗ, ನಮ್ಮ ಮಾವ ನಿಂಗಯ್ಯನವರು ಎಲ್ಲರ ಹಾಗೆ ರೆಡ್ ಆಕ್ಸೈಡ್ ನೆಲ ಸಾಕು ಎಂದರು. ಅತ್ತೆ ಜಗಳವಾಡಲಿಲ್ಲ. ಹೊಗೆಸೊಪ್ಪು ಕಟ್ಟಿ ಕಟ್ಟಿ ಅಂಟು ಹಿಡಿದು ಕಪ್ಪಗಾಗಿದ್ದ ತಮ್ಮ ಎರಡು ಕೈಗಳನ್ನು ಮಾವನ ಮುಂದೆ ಚಾಚಿ, "ಈ ಕೈಗೆ ಒಂದ್ ಬೆಳ್ಳನೇ ನೆಲ ಬ್ಯಾಡ್ವಾ?" ಎಂದು ಕೇಳಿದರು. ಮಾರನೆಯ ವಾರ ಮೈಸೂರಿನಿಂದ ಲಾರಿಯಲ್ಲಿ ಮಾರ್ಬಲ್ ಬಂತು. ಮಾವ ತೀರಿಕೊಂಡು ಆರು ವರ್ಷವಾಯಿತು. ಅತ್ತೆ ಆ ನೆಲದ ವಿಷಯದಲ್ಲಿ ಮಾತ್ರ ಅವರನ್ನು ದಿನಾ ಹೊಗಳುತ್ತಾರೆ, ಮಿಕ್ಕದ್ದರಲ್ಲೆಲ್ಲ ಈಗಲೂ ಬಯ್ಯುತ್ತಾರೆ.

ನೆಲ ಅವರದು, ಒರೆಸುವವಳು ನಾನು. ನಮ್ಮಿಬ್ಬರ ತಕರಾರಿನ ಬೇರು ಇಲ್ಲೇ ಇದೆ. ಹಾಲಿನವನು ಬಂದರೂ "ಬಾರ್ಲಾ, ವಳೀಕ್ ಕೂತ್ಕೊ", ತರಕಾರಿಯವಳು ಬಂದರೂ "ಬಾರವ್ವ, ತಣ್ಣಗದೆ". ಸಂಜೆ ಧಾರಾವಾಹಿ ನೋಡುತ್ತಾ ನಡುಮನೆಯಲ್ಲೇ ಕಲ್ಲಿನ ಕುಟ್ಟಾಣಿ ಇಟ್ಟುಕೊಂಡು ಹುಚ್ಚೆಳ್ಳು ಕುಟ್ಟುತ್ತಾರೆ. ಖಳನಾಯಕಿ ಬಂದರೆ ಏಟು ಜೋರು. ಕಿಟಕಿಯ ಪಕ್ಕದ ಮೂರು ಕಲ್ಲುಗಳಲ್ಲಿ ಬಿರುಕು ಕಂಡಾಗ, ಕುಟ್ಟಾಣಿಯದ್ದೇ ಕೆಲಸ ಎಂದು ನಾನು ತೀರ್ಮಾನ ಕೊಟ್ಟೆ. ಅತ್ತೆ ಒಪ್ಪಿಕೊಂಡರು, ಕುಟ್ಟಾಣಿ ಹಿತ್ತಿಲಿಗೆ ಹೋಯಿತು. ಆದರೆ ನಾನು ಬಿಡಬೇಕಲ್ಲ? ಬಂದವರಿಗೆಲ್ಲ ಬಿರುಕು ತೋರಿಸಿ ಹೇಳುತ್ತಿದ್ದೆ. ನನ್ನ ಗಂಡ ಮಹೇಂದ್ರ ಅಡಕತ್ತರಿಗೆ ಸಿಕ್ಕಿದ ಅಡಿಕೆಯ ಹಾಗೆ ಇಬ್ಬರ ನಡುವೆ ಕೂತು ಪೇಪರು ಓದುತ್ತಿದ್ದರು.

ಈ ವರ್ಷ ಆಗಸ್ಟಿನ ಮೊದಲ ವಾರ, ಹೊಗೆಸೊಪ್ಪು ಮುರಿಯುವ ಕಾಲ. ಒಂದು ಮಧ್ಯಾಹ್ನ ಜೋರು ಮಳೆ ಬಂತು. ಹಿತ್ತಿಲ ಚಪ್ಪರದಡಿ ಎಂಟು ಜನ ಹೆಂಗಸರು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು. ಚಪ್ಪರ ಸೋರಿತು. ನಾನು ಪಿರಿಯಾಪಟ್ಟಣದ ಶಾಲೆಯಲ್ಲಿದ್ದೆ, ಮಹೇಂದ್ರ ಬ್ಯಾರನ್‌ನ ಬೆಂಕಿ ನೋಡಿಕೊಳ್ಳುತ್ತಿದ್ದರು. ಅತ್ತೆ ಎಂಟು ಜನರನ್ನೂ ಎಲೆಯ ಹೊರೆಯನ್ನೂ ನಡುಮನೆಗೆ ಕರೆದುಕೊಂಡರು. ಸಂಜೆ ನಾಲ್ಕಕ್ಕೆ ಅವರೆಲ್ಲ ಎದ್ದು ಹೋದಾಗ ಬಿಳಿ ಕಲ್ಲಿನ ಮೇಲೆ ಹೊಗೆಸೊಪ್ಪಿನ ಅಂಟು, ಅಲ್ಲೊಂದು ಇಲ್ಲೊಂದು ಕಂದು ಮಚ್ಚೆ.

ಐದೂವರೆಗೆ ಸೊಸೆ ಬರುತ್ತಾಳೆ, ಬಂದರೆ ಬಾಯಿ ಮಾಡುತ್ತಾಳೆ. ಅತ್ತೆಗೆ ಗಾಬರಿ. ಅರ್ಧ ಶತಮಾನದಿಂದ ಕೈಯ ಅಂಟನ್ನು ಅವರು ಯಾವುದರಿಂದ ತೆಗೆಯುತ್ತಾರೋ ಅದನ್ನೇ ತಂದರು. ಹೊಗೆಸೊಪ್ಪಿನ ಅಂಟು ಸೋಪಿಗೆ ಜಗ್ಗುವುದಿಲ್ಲ, ಹುಳಿಗೆ ಬಿಡುತ್ತದೆ. ನಮ್ಮ ಕಡೆ ಹೊಗೆಸೊಪ್ಪು ಕಟ್ಟುವ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಎರಡು ಮುಷ್ಟಿ ಹುಣಸೆಹಣ್ಣು ನೆನೆಸಿ, ಕಿವುಚಿ, ಮಚ್ಚೆಯ ಮೇಲೆಲ್ಲ ಧಾರಾಳವಾಗಿ ಬಳಿದು, ಚೆನ್ನಾಗಿ ಹಿಡಿಯಲಿ ಎಂದು ಟೀ ಕುಡಿದು ಬಂದು, ತೆಂಗಿನ ನಾರಿನಲ್ಲಿ ತಿಕ್ಕಿ ತೊಳೆದರು.

ನಾನು ಬಂದಾಗ ಬಾಗಿಲಲ್ಲೇ ನಿಂತಿದ್ದರು, ಮುಖ ಅರಳಿತ್ತು. "ನೋಡು ಸೌಂದ್ರವ್ವ, ಅಂಟು ಎಂಗ್ ಬುಟ್ಕತು!"

ಅಂಟು ನಿಜಕ್ಕೂ ಬಿಟ್ಟಿತ್ತು. ನೆಲ ಇನ್ನೂ ಒದ್ದೆಯಾಗಿದೆ ಎಂದುಕೊಂಡು ಫ್ಯಾನು ಹಾಕಿದೆ. ಕಾಲು ಗಂಟೆ ಕಳೆಯಿತು. ಒಣಗಿದ ಮೇಲೆ ಕಂಡಿತು. ಹುಣಸೆರಸ ಬಿದ್ದ ಕಡೆಯಲ್ಲೆಲ್ಲ ಹೊಳಪು ಹೋಗಿ, ಸುಣ್ಣದ ಗೋಡೆಯ ಹಾಗೆ ಮಂಕು ಮಂಕು. ಬಟ್ಟೆ ಹಾಕಿ ಒರೆಸಿದೆ, ಎಣ್ಣೆ ಹಚ್ಚಿ ನೋಡಿದೆ. ಕಲ್ಲೇ ತಿಂದುಹೋಗಿತ್ತು.

ಆಗ ನನ್ನ ಬಾಯಿಂದ ಬಂದ ಮಾತನ್ನು ಇದ್ದ ಹಾಗೇ ಇಲ್ಲಿ ಬರೆಯುತ್ತೇನೆ, ನನಗೆ ಅಷ್ಟಾದರೂ ಶಿಕ್ಷೆಯಾಗಲಿ. "ಒಡೆದು ಹಾಕಿದ್ದು ಸಾಲದು ಅಂತ ಇದೊಂದು ಬಾಕಿ ಇತ್ತಾ? ನಿಮ್ಮ ಕೈ ಮುಟ್ಟಿದ್ದೆಲ್ಲ ಹಾಳು. ಇನ್ಮೇಲೆ ಈ ಮನೇಲಿ ಏನನ್ನೂ ಮುಟ್ಟಬೇಡಿ."

ಅತ್ತೆ ತೆಂಗಿನ ನಾರನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದರು. ನನಗೆ ಅದೇ ಸಮಾಧಾನ ಎನಿಸಿತು. ಅವರು ತಿರುಗಿ ಬಯ್ದಿದ್ದರೆ ಒಂದು ಗಂಟೆಯಲ್ಲಿ ಮುಗಿಯುತ್ತಿದ್ದ ಜಗಳ ಅದು.

ಮಾರನೆಯ ಬೆಳಿಗ್ಗೆಯಿಂದ ಅವರು ಏನನ್ನೂ ಮುಟ್ಟಲಿಲ್ಲ. ಬಾಗಿಲಿಗೆ ನೀರು ಹಾಕಲಿಲ್ಲ, ರಂಗೋಲಿ ಬಿಡಲಿಲ್ಲ, ಒಲೆಯ ಹತ್ತಿರ ಬರಲಿಲ್ಲ. ನಡುಮನೆಗೆ ಕಾಲೇ ಇಡದೆ ಹಿತ್ತಿಲಿನಿಂದ ಸುತ್ತಿಕೊಂಡು ಬಂದು ಜಗಲಿಯ ಮೇಲೆ ಕೂತರು. ಬಾಯಾರಿದರೆ, "ಮಾದೇವಾ, ವಸಿ ನೀರ್ ಕೊಡಪ್ಪ" ಎಂದು ಮಗನನ್ನು ಕೂಗುತ್ತಿದ್ದರು. ಮಹೇಂದ್ರ ಅವರಿಗೆ ಮಾದೇವ. ಸಿಟ್ಟಿನ ನಾಟಕ, ಮೂರು ದಿನಕ್ಕೆ ಸರಿಹೋಗುತ್ತಾರೆ ಎಂದುಕೊಂಡೆ. ಆ ಮೂರು ದಿನವೂ ನಾನೇ ರಾಗಿಮುದ್ದೆ ತೊಳಸಿದೆ. ಮುದ್ದೆಯಲ್ಲಿ ಗಂಟಿತ್ತೋ, ಗಂಟಿನಲ್ಲಿ ಮುದ್ದೆಯಿತ್ತೋ ದೇವರಿಗೇ ಗೊತ್ತು. ಅತ್ತೆ ತುಟಿ ಬಿಚ್ಚದೆ ನುಂಗಿದರು. ಮೊದಲಾಗಿದ್ದರೆ "ಇದೇನ್ ಮುದ್ದೆಯೋ ಗೋಲಿಯೋ?" ಎಂದು ಊರಿಗೆಲ್ಲ ಕೇಳಿಸುತ್ತಿದ್ದರು.

ನಾಲ್ಕನೆಯ ದಿನ ತಮ್ಮ ಬೆಟ್ಟಸ್ವಾಮಿಗೆ ಫೋನು ಮಾಡಿಸಿದರು. "ಗೌರಿ ಅಬ್ಬಕ್ಕೆ ತೌರಿಗ್ ಬತ್ತೀನಿ ಕಣ್ಲಾ, ಬಂದ್ ಕರ್ಕಂಡೋಗು" ಎಂದದ್ದು ನನಗೂ ಕೇಳಿಸಿತು. ಗೌರಿಗೆ ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಐವತ್ತು ವರ್ಷದಿಂದ ಈ ಮನೆಯ ಗೌರಿಯನ್ನು ಕೂರಿಸುವವರು ಹೋಗುತ್ತಾರೆಯೇ? ಹಾಗೆಂದು ಕೇಳಿದ ಮಗನಿಗೆ ಅತ್ತೆ ಕೊಟ್ಟ ಉತ್ತರ ಇಷ್ಟೇ: "ಅಲ್ಲಿ ನನ್ ತಮ್ಮನ್ ಎಂಡ್ತಿ ನಂಗೆ ಕೆಲ್ಸ ಕೊಡ್ತಾಳೆ. ಅಬ್ಬ ಆದ್ಮೇಲೂ ಅಲ್ಲೇ ಇರ್ತೀನಿ."

ಆಗ ಅರ್ಥವಾಯಿತು, ಇದು ಮುನಿಸಲ್ಲ, ಮನೆ ಬಿಡುವ ಮಾತು. ಆದರೂ ಹೋಗಿ ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ. ಬಯ್ಯಲು ಅಷ್ಟು ಸಲೀಸಾಗಿ ಹೊರಳುವ ನಾಲಿಗೆ ಇದಕ್ಕೆ ಮಾತ್ರ ಮರದ ತುಂಡಾಗುತ್ತದೆ. ನನಗೆ ತೋಚಿದ ಉಪಾಯ ಬೇರೆ. ಈ ಹಾಳು ಕಲ್ಲನ್ನೇ ಕಿತ್ತು ಹೊಸ ಟೈಲ್ಸ್ ಹಾಕಿಸಿಬಿಟ್ಟರೆ, ಮಂಕೂ ಇಲ್ಲ, ಬಿರುಕೂ ಇಲ್ಲ, ಆಡಿದ ಮಾತಿಗೆ ಸಾಕ್ಷಿಯೂ ಇಲ್ಲ. ಅತ್ತೆ ತಾವಾಗಿ ಒಳಗೆ ಬರುತ್ತಾರೆ.

ಭಾನುವಾರ ಹುಣಸೂರಿಗೆ ಹೋಗಿ ಸುನೀಲ್‌ಕುಮಾರ್ ಎಂಬುವರ ಅಂಗಡಿಯಲ್ಲಿ ಟೈಲ್ಸ್ ನೋಡಿದೆ. ಫೋನಿನಲ್ಲಿದ್ದ ನೆಲದ ಫೋಟೋ ನೋಡಿ, ನಡೆದದ್ದನ್ನು ಕೇಳಿದ ಅವರು, "ಬುಡಿ ಮೇಡಂ, ಇದಕ್ಕೆ ದುಡ್ಡು ಸುರೀಬೇಡಿ. ಕಿತ್ತಾಕಿ, ಹಬ್ಬದೊಳಗೆ ಹೊಸದು ಹಾಕ್ಸಿಕೊಡ್ತೀನಿ. ಹುಣಸೆಹುಳಿ ಅಲ್ಲ, ಆಸಿಡ್ ಬಿದ್ರೂ ಏನೂ ಆಗಲ್ಲ" ಎಂದರು. ನನಗೆ ಬೇಕಾದದ್ದೇ ಅದು. ಅಳತೆಗೆ ನಾಳೆ ಮೇಸ್ತ್ರಿಯನ್ನು ಕಳಿಸುತ್ತೇನೆ ಎಂದರು. ನಾನು ಶಾಲೆಗೆ ರಜೆ ಹಾಕಿದೆ.

ಮಾರನೆಯ ದಿನ ಟಿ.ವಿ.ಎಸ್. ಗಾಡಿಯಲ್ಲಿ ಬಂದ ಮೇಸ್ತ್ರಿಗೆ ಅರವತ್ತರ ಹತ್ತಿರ. ಬಿಳಿ ಟೋಪಿ, ಕುರುಚಲು ಗಡ್ಡ, ಮೊಣಕಾಲಿಗೆ ಸೈಕಲ್ ಟ್ಯೂಬಿನಲ್ಲಿ ಕಟ್ಟಿದ ಗೋಣಿತಾಟು. ಹೆಸರು ಫಕ್ರುದ್ದೀನ್. ಚಪ್ಪಲಿ ಬಿಟ್ಟು ಒಳಗೆ ಬಂದವರು ಟೇಪು ತೆಗೆಯಲಿಲ್ಲ. ನಡುಮನೆಯ ನಾಲ್ಕೂ ಮೂಲೆ ನೋಡಿದರು, ಕಿಟಕಿ ನೋಡಿದರು, ಮತ್ತೆ ನೆಲ ನೋಡಿದರು.

"ಇದು ನಿಂಗಯ್ಯನವರ ಮನೆ ಅಲ್ವಾ?"

"ಹೌದು. ಮಾವ ಈಗಿಲ್ಲ."

ಅವರು ತಲೆ ತಗ್ಗಿಸಿ ಒಂದು ಕ್ಷಣ ನಿಂತರು. "ಈ ಕಲ್ಲು ಹಾಕಿದ್ದು ನಾನೇ, ಟೀಚರಮ್ಮ."

ಮಂಕಾದ ಕಡೆ ಮಂಡಿಯೂರಿ ಕೂತು ಬೆರಳಿನಲ್ಲಿ ಸವರಿ, "ಇಲ್ಲೇನು ಚೆಲ್ಲಿತ್ತು?" ಎಂದು ಕೇಳಿದರು. ನಾನು ಉತ್ತರಿಸುವ ಮೊದಲು ಜಗಲಿಯಿಂದ ಧ್ವನಿ ಬಂತು.

"ಉಣ್ಸೆಣ್ಣು ಸಾಬ್ರೆ. ನಾನೇ ಆಕಿ ಉಜ್ಜಿದ್ದು."

ಫಕ್ರುದ್ದೀನ್ ನಕ್ಕರು. "ನಮ್ಮ ಮನೇಲಿ ಆಮಿನಾಬಿ ಅಡಿಗೆ ಕಟ್ಟೆಗೆ ನಿಂಬೆಹಣ್ಣು ಹಾಕಿ ಉಜ್ಜಿದ್ಲು ಅಮ್ಮಾ, ಅರಿಶಿನದ ಕಲೆ ಹೋಗ್ಲಿ ಅಂತ. ಕಲ್ಲಿನ ಕೆಲಸದೋನ ಹೆಂಡ್ತಿ ನೋಡಿ! ಮಾರ್ಬಲ್ ಅಂದ್ರೆ ಸುಣ್ಣದ ಜಾತಿ. ಹುಳಿ ಕಂಡ್ರೆ ಮೇಲಿನ ಪದರ ಬಿಟ್ಟುಕೊಡುತ್ತೆ. ಒಳಗೆ ಏನೂ ಆಗಿರಲ್ಲ. ಕೂದಲಿನಷ್ಟು ಉಜ್ಜಿ ತೆಗೆದ್ರೆ ಕೆಳಗೆ ಹೊಸ ಕಲ್ಲು."

ಕಿಟಕಿಯ ಸರಳಿನ ಆಚೆ ಅತ್ತೆಯ ಸೆರಗು ಕಂಡಿತು.

"ಅದಿರಲಿ, ಒಡೆದಿರೋದಕ್ಕೆ ಏನು ಮಾಡ್ತೀರಿ?" ಎಂದೆ. ಟೈಲ್ಸ್ ಕೈತಪ್ಪಿ ಹೋಗುತ್ತಿತ್ತಲ್ಲ. "ಅವರು ಅಲ್ಲೇ ಕೂತು ದಿನಾ ಕುಟ್ಟಾಣಿಯಲ್ಲಿ ಕುಟ್ಟೋರು."

ಫಕ್ರುದ್ದೀನ್ ಜೇಬಿನಿಂದ ಒಂದು ನಾಣ್ಯ ತೆಗೆದರು. ಬಾಗಿಲ ಕಡೆಯಿಂದ ಒಂದೊಂದೇ ಕಲ್ಲನ್ನು ತಟ್ಟುತ್ತಾ ಮಂಡಿಯಲ್ಲೇ ಮುಂದೆ ಸರಿದರು. ಟಕ್, ಟಕ್, ಟಕ್. ಗಟ್ಟಿ ಸದ್ದು. ಕಿಟಕಿಯ ಪಕ್ಕದ ಕೊನೆಯ ಸಾಲಿಗೆ ಬಂದಾಗ ಸದ್ದು ಬದಲಾಯಿತು. ಖಾಲಿ ಡಬ್ಬ ತಟ್ಟಿದ ಹಾಗೆ. ಅವರು ಮತ್ತೆ ತಟ್ಟಿದರು, ಮತ್ತೆ ಅದೇ ಸದ್ದು. ಹಣೆ ಒರೆಸಿಕೊಂಡರು.

"ಕುಟ್ಟಾಣಿಗೆ ಇಷ್ಟು ದಪ್ಪದ ಕಲ್ಲು ಒಡೆಯಲ್ಲ ಟೀಚರಮ್ಮ. ಇದು ನನ್ನ ತಪ್ಪು."

ನಾನು ಏನು ಎನ್ನುವಂತೆ ನೋಡಿದೆ.

"ಕಲ್ಲಿನ ಕೆಳಗೆ ಗಾರೆ ಪೂರ್ತಿ ಹರಡಬೇಕು, ಒಂದು ಬೆರಳು ತೂರೋ ಜಾಗ ಇರಬಾರದು. ಆವತ್ತು ಮೂಲೆಗೊಂದು ಗುಪ್ಪೆ, ನಡುವೆ ಒಂದು ಗುಪ್ಪೆ ಇಟ್ಟು ಕೂರಿಸಿಬಿಟ್ಟೆ. ರಂಜಾನ್ ತಿಂಗಳು, ಈದ್‌ಗೆ ನಾಲ್ಕು ದಿನ ಇತ್ತು, ಬೇಗ ಮುಗಿಸಿ ಊರು ಸೇರೋ ಆತುರ. ಉಪವಾಸ ಇದ್ದೆ ಅಂತ ನೆಪ ಹೇಳಲ್ಲ. ಮಿಕ್ಕಿದ್ದೆಲ್ಲ ಉಪವಾಸದಲ್ಲೇ ಸರಿಯಾಗಿ ಹಾಕಿದೀನಲ್ಲ? ನಿಂಗಯ್ಯನವರು ಪಕ್ಕದಲ್ಲಿ ಕೂತು ನೋಡೋರು, ಆ ಹೊತ್ತು ಎಲ್ಲೋ ಎದ್ದು ಹೋಗಿದ್ರು. ಕೆಳಗೆ ಪೊಳ್ಳು ಇದ್ರೆ ಯಾರು ಕೂತ್ರೂ, ಎದ್ರೂ ಒಂದಿನ ಬಿರುಕು ಬಿಡಲೇಬೇಕು."

ಯಾರೂ ಕೇಳಿರಲಿಲ್ಲ. ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ. ಟೈಲ್ಸ್ ಹಾಕಿದ್ದರೆ ಅವರಿಗೆ ಹತ್ತು ದಿನದ ಕೂಲಿ, ಹಳೆಯ ತಪ್ಪು ಕಸದ ಟ್ರ್ಯಾಕ್ಟರಿನಲ್ಲಿ ಹೊರಟುಹೋಗುತ್ತಿತ್ತು. ಹದಿನೆಂಟು ವರ್ಷದ ಹಿಂದಿನದನ್ನು ಐದು ನಿಮಿಷದಲ್ಲಿ ಒಪ್ಪಿಕೊಂಡು ಆ ಮನುಷ್ಯ ಹಗುರಾಗಿ ಎದ್ದು ನಿಂತರು. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚು.

"ಕೀಳೋದು, ಬಿಡೋದು ನಿಮ್ಮಿಷ್ಟ" ಎಂದರು ಅವರು. "ಇದರ ಮೇಲೇ ಟೈಲ್ಸ್ ಹಾಕಿದ್ರೆ ನೆಲ ಏರುತ್ತೆ, ನಾಲ್ಕು ಬಾಗಿಲನ್ನೂ ಕೆಳಗೆ ಕುಯ್ಯಬೇಕು. ಕಿತ್ತು ಹಾಕಿದ್ರೆ ಗೋಡೆಯ ಬುಡ ಎಲ್ಲ ಉದುರುತ್ತೆ. ಎಪ್ಪತ್ತು ಕಲ್ಲಿನಲ್ಲಿ ಕೆಟ್ಟಿರೋದು ಮೂರೇ. ಮೂರಕ್ಕೋಸ್ಕರ ಎಪ್ಪತ್ತನ್ನ ಕಿತ್ತು ಹಾಕೋಕೆ ನನ್ನ ಮನಸ್ಸು ಒಪ್ಪಲ್ಲ. ಮೊದಲು ಒಂದು ಕಡೆ ಮಾಡಿ ತೋರಿಸ್ತೀನಿ. ನೋಡಿ, ಆಮೇಲೆ ಹೇಳಿ."

ಗಾಡಿಯ ಚೀಲದಿಂದ ಸೋಪಿನಂಥ ನಾಲ್ಕೈದು ಉಜ್ಜುಗಲ್ಲು ತಂದರು. ಬಾಗಿಲ ಮರೆಯಲ್ಲಿದ್ದ ಒಂದು ಮಂಕು ಜಾಗಕ್ಕೆ ನೀರು ಚಿಮುಕಿಸಿ, ಮೊದಲು ಒರಟು ಕಲ್ಲು, ಆಮೇಲೆ ನಯದ್ದು, ಅದಕ್ಕಿಂತ ನಯದ್ದು. ಬಿಳಿ ನೀರು ದೋಸೆ ಹಿಟ್ಟಿನ ಹಾಗೆ ಹರಿಯಿತು. ಅರ್ಧ ಗಂಟೆ ಕೈ ನಿಲ್ಲಲಿಲ್ಲ. ಕೊನೆಗೆ ಬಟ್ಟೆಯಲ್ಲಿ ಒರೆಸಿ, ಬಾಗಿಲವರೆಗೂ ಬಂದು ನಿಂತಿದ್ದ ಅತ್ತೆಯನ್ನು ನೋಡಿದರು.

"ಬನ್ನಿ ಅಮ್ಮಾ, ಕೈಯಾಡಿಸಿ ನೋಡಿ. ನಯ ಬಂತಾ ಹೇಳಿ. ನನ್ನ ಬೆರಳು ಸವೆದು ಹೋಗಿದೆ, ಗೊತ್ತಾಗಲ್ಲ."

ಅತ್ತೆ ಹೊಸಿಲ ಆಚೆಯೇ ನಿಂತರು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ನಾ ಮುಟ್ಟಂಗಿಲ್ಲ ಸಾಬ್ರೆ. ಈ ಮನೇಲಿ ಅಂಗಂತ ಆಗ್ಬುಟ್ಟದೆ."

ಅವರ ಧ್ವನಿಯಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. ಇವತ್ತು ಕರೆಂಟಿಲ್ಲ ಎಂದು ಹೇಳುವ ಹಾಗೆ ಹೇಳಿದರು. ಫಕ್ರುದ್ದೀನ್ ನನ್ನ ಮುಖ ನೋಡಿ, ಕೂಡಲೇ ನೋಟ ತಿರುಗಿಸಿದರು. ನೆಲ ಬಾಯಿ ಬಿಟ್ಟಿದ್ದರೆ ಆ ಹೊತ್ತು ಒಳಗೆ ಇಳಿದುಬಿಡುತ್ತಿದ್ದೆ. ಅದು ಹೇಳುವ ಸಮಯ. ಒಂದು ವಾಕ್ಯ ಸಾಕಿತ್ತು. ನಾನು ಹೇಳಿದ್ದು ಏನು ಗೊತ್ತೇ?

"ಮಶೀನು ಯಾವಾಗ ತರ್ತೀರಿ?"

ಹೀಗೆ ತೀರ್ಮಾನವಾಯಿತು. ಟೈಲ್ಸ್ ಬೇಡ, ಇದ್ದ ಕಲ್ಲನ್ನೇ ಉಳಿಸುವುದು. ಮಹೇಂದ್ರ ಪೇಪರಿನಿಂದ ತಲೆ ಎತ್ತಿ "ಒಳ್ಳೇದು" ಎಂದರು. ಆ ವಾರ ಅವರಾಡಿದ ಅತಿ ದೊಡ್ಡ ಮಾತು ಅದು.

ಫಕ್ರುದ್ದೀನ್ ಐದು ದಿನ ಕೆಲಸ ಮಾಡಿದರು. ಒಡೆದ ಮೂರು ಕಲ್ಲನ್ನು ಉಳಿಯಿಂದ ಮೆಲ್ಲಗೆ ಎಬ್ಬಿಸಿದಾಗ, ಕೆಳಗೆ ಅವರು ಹೇಳಿದ್ದ ಐದು ಗುಪ್ಪೆ ಗಾರೆ ಹಾಗೇ ಕೂತಿತ್ತು. "ನೋಡಿ, ಸುಳ್ಳು ಹೇಳಿಲ್ಲ" ಎಂದು ನಾಚಿಕೆಯಿಂದ ನಕ್ಕರು. ಅಷ್ಟು ಹಳೆಯ ಬಿಳುಪಿಗೆ ಹೊಂದುವ ಹೊಸ ಕಲ್ಲು ಎಲ್ಲೂ ಸಿಗುವುದಿಲ್ಲ. ಅದಕ್ಕೆ ಕೋಣೆಯಲ್ಲಿದ್ದ ಕಬ್ಬಿಣದ ಬೀರುವನ್ನು ಸರಿಸಿ, ಅದರಡಿಯ ಮೂರು ಕಲ್ಲನ್ನು ಎತ್ತಿ ತಂದು ಕಿಟಕಿಯ ಪಕ್ಕ ಕೂರಿಸಿದರು. ಬೀರುವಿನ ಅಡಿಗೆ ಹೊಸ ಕಲ್ಲು ಹೋಯಿತು. ಬೀರು ಮೇಲೆ ಕೂತ ಮೇಲೆ ಅದರ ಬಣ್ಣ ಯಾರು ನೋಡುತ್ತಾರೆ? ಈ ಸಲ ಗಾರೆಯನ್ನು ಅಂಗೈಯಲ್ಲಿ ತಟ್ಟಿ ತಟ್ಟಿ ಹರಡಿದರು. ಆ ಮೂರು ಕಲ್ಲಿಗೆ ಕೂಲಿ ತೆಗೆದುಕೊಳ್ಳಲಿಲ್ಲ.

ಅತ್ತೆ ಜಗಲಿ ಬಿಟ್ಟು ಕಿಟಕಿಯ ಹೊರಗೆ ಸ್ಟೂಲು ಹಾಕಿಸಿಕೊಂಡು, ಸರಳಿನ ನಡುವಿಂದ ಕೆಲಸ ನೋಡುತ್ತಿದ್ದರು. ಕೊನೆಯ ದಿನ ಫಕ್ರುದ್ದೀನ್ ನೆಲಕ್ಕೆ ಒಂದು ಬಿಳಿ ಪುಡಿ ಉದುರಿಸಿ, ನೀರು ಹಾಕಿ ಮಶೀನು ತಿರುಗಿಸಲು ಹೊರಟರು.

"ಅದೇನ್ ಪುಡಿ ಸಾಬ್ರೆ?"

"ಹೊಳಪು ಬರೋಕೆ ಅಮ್ಮಾ. ಇದೂ ಒಂಥರಾ ಹುಳಿನೇ."

"ಎಲಾ ಇವ್ನಾ!" ಅತ್ತೆ ಸ್ಟೂಲಿನಿಂದ ಎದ್ದೇ ಬಿಟ್ಟರು. "ನೀನು ಉಳಿ ಆಕುದ್ರೆ ಪಾಲಿಸ್ಸು, ನಾನು ಆಕುದ್ರೆ ಆಳಾ?"

ಫಕ್ರುದ್ದೀನ್ ಮಶೀನು ನಿಲ್ಲಿಸಿ ನಕ್ಕರು. "ಇದು ಬೇರೆ ಹುಳಿ ಅಮ್ಮಾ. ಅದೂ ಚಿಟಿಕೆ ಹಾಕಿ, ತಿರುಗಿಸ್ತಾನೇ ಇದ್ದು, ತಕ್ಷಣ ತೊಳೀತೀನಿ. ನೀವು ಬಳಿದು ಟೀ ಕುಡಿಯೋಕೆ ಹೋದ್ರಿ."

ಅತ್ತೆ ನಕ್ಕರು. ಹದಿನೈದು ದಿನದಿಂದ ಮನೆಯಲ್ಲಿ ಕೇಳದ ನಗು, ಬ್ಯಾರನ್ ತನಕ ಹೋಗುವಂಥದ್ದು. ಒಳಗೆ ಪಲ್ಯ ಹೆಚ್ಚುತ್ತಿದ್ದ ನನ್ನ ಕೈ ನಿಂತಿತು. ಸದ್ಯ, ಎಲ್ಲ ಸರಿಹೋಯಿತು ಎಂದುಕೊಂಡೆ. ಸಂಜೆ ನೆಲ ತೊಳೆದಾಗ ಕಿಟಕಿಯ ಸರಳು, ಫ್ಯಾನಿನ ರೆಕ್ಕೆ, ಗೋಡೆಯ ಮೇಲಿನ ಮಾವನ ಫೋಟೋ ಎಲ್ಲ ಕಲ್ಲಿನಲ್ಲಿ ಕಾಣುತ್ತಿತ್ತು. ನಾನು ಮದುವೆಯಾಗಿ ಬಂದ ದಿನ ಇದ್ದ ನೆಲವೇ ಅದು.

ಗೌರಿಗೆ ಎರಡು ದಿನವಿತ್ತು. ಶಾಲೆಯಿಂದ ಬರುವಾಗ ಬಾಗಿನಕ್ಕೆ ಮೊರ, ಬಳೆ, ಬಿಚ್ಚೋಲೆ ತಂದೆ. ಮನೆಯ ಮುಂದೆ ಒಂದು ಬೈಕು ನಿಂತಿತ್ತು. ಅದರ ಹಿಂದಿನ ಸೀಟಿಗೆ ಅತ್ತೆಯ ಬಟ್ಟೆಯ ಬ್ಯಾಗನ್ನು ಹಗ್ಗ ಹಾಕಿ ಬಿಗಿಯುತ್ತಿದ್ದವರು ಅವರ ತಮ್ಮ ಬೆಟ್ಟಸ್ವಾಮಿ. ಅತ್ತೆ ತೊಳೆದ ಸೀರೆ ಉಟ್ಟು, ತಲೆ ಬಾಚಿ, ಜಗಲಿಯ ತುದಿಯಲ್ಲಿ ಕೂತಿದ್ದರು. ಮಹೇಂದ್ರ ಕಂಬ ಹಿಡಿದು ನಿಂತಿದ್ದರು, ಕೈಯಲ್ಲಿ ಪೇಪರು ಇರಲಿಲ್ಲ.

ನನಗೆ ಅರ್ಥವೇ ಆಗಲಿಲ್ಲ. "ಅತ್ತೆ, ನೆಲ ಸರಿಹೋಯ್ತಲ್ಲ? ಬಿರುಕು ನಿಮ್ಮಿಂದ ಅಲ್ಲ ಅಂತಾನೂ ಗೊತ್ತಾಯ್ತಲ್ಲ? ಇನ್ಯಾಕೆ ಹೋಗ್ತೀರಿ?"

"ನೆಲ ಸರೋಯ್ತು ಕಣವ್ವ. ಚಂದಾಗೇ ಅದೆ." ಅತ್ತೆ ನನ್ನ ಕಡೆ ತಿರುಗಿದರು. "ಸಾಬ್ರು ಬಂದು ಅವ್ರ ತಪ್ಪು ಅವ್ರು ಯೋಳುದ್ರು. ನಾ ಮಾಡಿದ್ದ ನಾ ಯೋಳ್ದೆ. ನೀ ಏನ್ ಯೋಳ್ದೆ? ಮುಟ್ಬ್ಯಾಡ ಅಂದವ್ಳು ಮುಟ್ಟು ಅಂತ ಇವತ್ಗಂಟ ಅಂದಿಲ್ಲ. ಕಲ್ಲಿನ್ ಮಾತ್ ಬುಡು. ನೀ ಯೋಳು, ನಾನು ಓಗ್ಲಾ, ಇರ್ಲಾ?"

ಆಡಿದ ಮಾತು ಒಡೆದ ಮುತ್ತು ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಹೇಳಿಕೊಟ್ಟವಳು ನಾನು. ಇಪ್ಪತ್ತು ದಿನದಲ್ಲಿ ಟೈಲ್ಸ್ ನೋಡಿದೆ, ಮೇಸ್ತ್ರಿ ಕರೆಸಿದೆ, ಬೀರು ಸರಿಸಿದೆ. ಅವರು ಕಾಯುತ್ತಿದ್ದದ್ದು ಇದ್ಯಾವುದಕ್ಕೂ ಅಲ್ಲ. ಮೊರ ಕೆಳಗಿಟ್ಟೆ. ಬೆಟ್ಟಸ್ವಾಮಿ ಹಗ್ಗದ ಗಂಟು ಹಿಡಿದುಕೊಂಡೇ ನೋಡುತ್ತಿದ್ದರು.

"ತಪ್ಪಾಯ್ತು ಅತ್ತೆ" ಎಂದೆ. "ಹಾಗೆ ಅನ್ನಬಾರದಿತ್ತು. ಇದು ನಿಮ್ಮ ಮನೆ. ನೀವು ಮುಟ್ಟದೇ ಇರೋ ಮನೆ ನನಗೆ ಬೇಡ. ಇರಿ ಅತ್ತೆ."

ಅತ್ತೆ ಕೂಡಲೇ ಪರವಾಗಿಲ್ಲ ಎನ್ನಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, "ಬೋ ನೋವಾಗಿತ್ತು ಕಣೆ" ಎಂದರು. ಅಷ್ಟು ವರ್ಷದಲ್ಲಿ ಅವರು ನನ್ನ ಮುಂದೆ ನೋವು ಎಂಬ ಪದ ಬಳಸಿದ್ದು ಅದೇ ಮೊದಲು. ನಾನು ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ. ಎಷ್ಟು ಒರಟು ಕೈ ಎಂದು ಗೊತ್ತಾದದ್ದೂ ಅವತ್ತೇ. ಬಡಿಸುವಾಗ, ಬಾಗಿನ ಕೊಡುವಾಗ ನೂರು ಸಲ ಸೋಕಿದ ಕೈ, ಹಿಡಿದು ನೋಡಿರಲೇ ಇಲ್ಲ.

ಆಮೇಲೆ ಅತ್ತೆ ಕೈ ಬಿಡಿಸಿಕೊಂಡು ಎದ್ದರು.

"ಬೆಟ್ಟಾ, ಬಿಚ್ಚು ಅದ್ನ."

"ಏನಕ್ಕ ನೀನು! ಅಂತ್ರಸಂತೆಯಿಂದ ಅಳ್ಳ ದಿಣ್ಣೆ ಅತ್ತಿ ಇಳ್ದು ಬಂದಿವ್ನಿ. ಈಗ್ ತಾನೆ ಮೂರ್ ಗಂಟಾಕ್ದೆ."

"ಆಕಿದ್ದ ಬಿಚ್ಚಾಕ್ ಬರಾಕಿಲ್ವಾ? ಊಟ ಮಾಡ್ಕಂಡ್ ಓಗು. ನಿನ್ ಎಂಡ್ತಿಗೂ ಯೋಳು, ಗೌರಿಗ್ ನೀವೇ ಇಲ್ಲಿಗ್ ಬರ್ರಿ."

ಮಹೇಂದ್ರ ಓಡಿ ಹೋಗಿ ಗಂಟು ಬಿಚ್ಚಲು ಕೈ ಹಾಕಿದರು. ಅತ್ತೆ ಚಪ್ಪಲಿ ಬಿಟ್ಟು, ಹಿತ್ತಿಲ ದಾರಿ ಹಿಡಿಯದೆ, ಮುಂಬಾಗಿಲಿನಿಂದ ನಡುಮನೆಯ ನಟ್ಟನಡುವೆ ನಡೆದು ಅಡುಗೆಮನೆಗೆ ಹೋದರು. ಒಂದು ನಿಮಿಷ ಕಳೆಯಿತು. ಒಳಗಿನಿಂದ ಕೂಗು ಬಂತು, ಇಡೀ ಬೀದಿಗೆ ಕೇಳಿಸುವ ಹಾಗೆ.

"ಏ ಮೇಷ್ಟ್ರಮ್ಮ! ಇಪ್ಪತ್ ದಿನಕ್ಕೆ ಎಲ್ಲೆಲ್ ಏನೇನ್ ಮಡುಗಿದ್ದೀಯೆ? ಮುದ್ದೆ ಕೋಲು ಎಲ್ಲಿ? ಬಾ ಇಲ್ಲಿ!"

"ಬಂದೆ ಅತ್ತೆ" ಎಂದು ನಾನು ಎದ್ದೆ.